ಹೊಟ್ಟೆ ಸರಿಹೋಗ್ಲಿ ಆಮೇಲೆ ನೋಡೋಣ ಅಂತ ಎಲ್ಲಾನೂ ಮುಂದಕ್ಕೆ ಹಾಕ್ತಿರೋರಿಗೆ ಒಂದು ಗೈಡ್

ಎಂಡೋಸ್ಕೋಪಿ ನಾರ್ಮಲ್, ಸ್ಕ್ಯಾನಿಂಗ್ ನಾರ್ಮಲ್, ಬ್ಲಡ್ ರಿಪೋರ್ಟ್ ನಾರ್ಮಲ್, ಹೊಟ್ಟೆ ಮಾತ್ರ ನಾರ್ಮಲ್ ಇಲ್ಲ. ಊಟ ಆದ್ಮೇಲೆ ಉಬ್ಬರ, ಬೆಳಿಗ್ಗೆ ಸರಿಯಾಗಿ ಮನೆ ಬಿಡೋ ಹೊತ್ತಿಗೇ ಮೂರ್ನಾಲ್ಕು ಸಲ ಮೋಷನ್, ಇಲ್ಲಾಂದ್ರೆ ನಾಲ್ಕು ದಿನ ಏನೂ ಇಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಎದೆ ಕೆಳಗೆ ಉರಿ. ಡಾಕ್ಟ್ರು "ಏನಿಲ್ಲ, ಟೆನ್ಷನ್ ತಗೋಬೇಡಿ" ಅಂತ ಕಳಿಸ್ತಾರೆ. ಹಾಗೆ ಹೇಳಿದ ತಕ್ಷಣ ಟೆನ್ಷನ್ ಹೋಗೋ ಹಾಗಿದ್ರೆ ಈ ಲೇಖನ ಯಾರಿಗೂ ಬೇಕಾಗ್ತಿರ್ಲಿಲ್ಲ ಬಿಡಿ.

ಇಂಥ ತೊಂದರೆಗಳನ್ನ ಫಂಕ್ಷನಲ್ ತೊಂದರೆಗಳು ಅಂತಾರೆ, ಅಂದ್ರೆ ನೋಡೋಕೆ ಅಂಗ ಸರಿ ಇದೆ, ಕೆಲಸ ಮಾಡೋ ರೀತಿ ಸರಿ ಇಲ್ಲ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆನೋವಿನ ಜೊತೆ ಭೇದಿ ಅಥವಾ ಮಲಬದ್ಧತೆ), ಫಂಕ್ಷನಲ್ ಡಿಸ್ಪೆಪ್ಸಿಯಾ (ಬೇಗ ಹೊಟ್ಟೆ ತುಂಬೋದು, ಮೇಲ್ಹೊಟ್ಟೆ ಉರಿ), ಫಂಕ್ಷನಲ್ ಮಲಬದ್ಧತೆ ಎಲ್ಲಾ ಇದೇ ಗುಂಪಿಗೆ ಬರತ್ತೆ. 2016ರಲ್ಲಿ ಬಂದ ರೋಮ್-4 ಅನ್ನೋ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇವನ್ನೆಲ್ಲ ಕರುಳು ಮತ್ತು ಮಿದುಳಿನ ನಡುವಿನ ಸಂಪರ್ಕದ ತೊಂದರೆಗಳು ಅಂತ ಕರೆದ್ರು. ನೀವು ಒಬ್ಬರೇ ಏನಲ್ಲ, 2021ರಲ್ಲಿ ಬಂದ 33 ದೇಶಗಳ ಸರ್ವೆಯಲ್ಲಿ ಇಂಟರ್ನೆಟ್ ಮೂಲಕ ಉತ್ತರ ಕೊಟ್ಟವರ ಪೈಕಿ ಸುಮಾರು 40% ಜನಕ್ಕೆ ಈ ಗುಂಪಿನ ಒಂದಾದ್ರೂ ತೊಂದರೆ ಇತ್ತು. ಐಬಿಎಸ್ ಒಂದನ್ನೇ ತಗೊಂಡ್ರೆ 4% ಆಸುಪಾಸು. ಬೇರೆ ಬೇರೆ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಐಬಿಎಸ್ ಇರೋರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಆತಂಕದ ಲಕ್ಷಣ, ಕಾಲು ಭಾಗಕ್ಕಿಂತ ಜಾಸ್ತಿ ಜನಕ್ಕೆ ಖಿನ್ನತೆಯ ಲಕ್ಷಣ ಕಾಣಿಸಿದೆ. 2009ರಲ್ಲಿ ಬಂದ ಇನ್ನೊಂದು ಸರ್ವೆಯಲ್ಲಿ ಐಬಿಎಸ್ ಇರೋರನ್ನ ಪೂರ್ತಿ ವಾಸಿ ಆಗೋದಾದ್ರೆ ಎಷ್ಟು ಆಯಸ್ಸು ಬಿಟ್ಟುಕೊಡ್ತೀರಿ ಅಂತ ಕೇಳಿದ್ರೆ ಸರಾಸರಿ 15 ವರ್ಷ ಅಂದಿದ್ರು. ಪ್ರಾಣಕ್ಕೆ ಅಪಾಯ ಇಲ್ಲದ ಕಾಯಿಲೆಗೆ 15 ವರ್ಷ! ಇದನ್ನ ಸಣ್ಣ ವಿಷಯ ಅನ್ನೋರಿಗೆ ಈ ಒಂದು ನಂಬರ್ ತೋರಿಸಿದ್ರೆ ಸಾಕು.

ನಾನು ಹೇಳೋಕೆ ಹೊರಟಿರೋದು ಇಷ್ಟೇ, ಹೊಟ್ಟೆ ಪೂರ್ತಿ ಸರಿಹೋದ ಮೇಲೆ ಪ್ರಯಾಣ, ಮದುವೆ ಮನೆ, ಹೊಸ ಕೆಲಸ, ಫ್ರೆಂಡ್ಸ್ ಜೊತೆ ಊಟ ಅಂತ ಕಾಯ್ತಾ ಕೂತ್ರೆ ಬಹಳ ಜನಕ್ಕೆ ಆ ದಿನ ಬರೋದೇ ಇಲ್ಲ, ಹೊಟ್ಟೆ ಇರೋ ಹಾಗೇ ಇಟ್ಕೊಂಡು ಬದುಕನ್ನ ಸ್ವಲ್ಪ ಸ್ವಲ್ಪವಾಗಿ ವಾಪಸ್ ತಗೊಳ್ತಾ ಹೋದ್ರೆ ಎಷ್ಟೋ ಜನಕ್ಕೆ ಹೊಟ್ಟೆನೂ ಹಿಂದೆಯೇ ಸುಧಾರಿಸತ್ತೆ. ಅದನ್ನ ಹೇಗೆ ಮಾಡೋದು ಅನ್ನೋದು ಕೆಳಗಿದೆ.

ಹೆಜ್ಜೆ 1: ಮೊದಲು ಡಯಾಗ್ನೋಸಿಸ್ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಟೆಸ್ಟ್ ನಿಲ್ಸಿ

ಮನಸ್ಸಿನ ವಿಷಯಕ್ಕೆ ಬರೋ ಮೊದಲು ಇದು ಆಗಲೇಬೇಕು. ಪ್ರಯತ್ನ ಪಡದೆ ತೂಕ ಇಳೀತಿದ್ರೆ, ಮಲದಲ್ಲಿ ರಕ್ತ ಬಂದ್ರೆ ಅಥವಾ ಮಲ ಕಪ್ಪಗೆ ಟಾರ್ ತರ ಇದ್ರೆ, ರಕ್ತಹೀನತೆ ಇದ್ರೆ, ನಿದ್ದೆಯಿಂದ ಎಬ್ಬಿಸೋ ಹಾಗೆ ರಾತ್ರಿ ಭೇದಿ ಆಗ್ತಿದ್ರೆ, ಜ್ವರ ಬರ್ತಿದ್ರೆ, ನುಂಗೋಕೆ ಕಷ್ಟ ಆಗ್ತಿದ್ರೆ, ವಾಂತಿ ನಿಲ್ತಾ ಇಲ್ಲ ಅಂದ್ರೆ, ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್, ಸೀಲಿಯಾಕ್ (ಗೋಧಿಯಲ್ಲಿರೋ ಗ್ಲುಟನ್ ಆಗದ ಕಾಯಿಲೆ), ಕರುಳಿನ ಉರಿಯೂತದ ಕಾಯಿಲೆ ಇದ್ದಿದ್ರೆ, ಅಥವಾ 50 ದಾಟಿದ ಮೇಲೆ ಇದೆಲ್ಲಾ ಹೊಸದಾಗಿ ಶುರುವಾಗಿದ್ರೆ, ಈ ಲೇಖನ ಪಕ್ಕಕ್ಕಿಟ್ಟು ಡಾಕ್ಟ್ರ ಹತ್ರ ಹೋಗಿ. ಟೆನ್ಷನ್ ಇದ್ದವರಿಗೆ ಬೇರೆ ಕಾಯಿಲೆ ಬರಲ್ಲ ಅಂತೇನೂ ಇಲ್ಲ.

ಇವ್ಯಾವ್ದೂ ಇಲ್ಲ ಅಂದ್ರೆ ಸಾಮಾನ್ಯವಾಗಿ ಕೆಲವೇ ಟೆಸ್ಟ್ ಸಾಕಾಗತ್ತೆ. ರಕ್ತದ ಕೌಂಟ್, ರಕ್ತದಲ್ಲಿ ಉರಿಯೂತ ತೋರಿಸೋ ಸಿಆರ್‌ಪಿ, ಸೀಲಿಯಾಕ್ ಟೆಸ್ಟ್, ಭೇದಿ ಇರೋರಿಗೆ ಮಲದಲ್ಲಿ ಕರುಳಿನ ಉರಿಯೂತ ತೋರಿಸೋ ಕ್ಯಾಲ್‌ಪ್ರೊಟೆಕ್ಟಿನ್. ಐಬಿಎಸ್ ಅಂತ ಹೇಳೋಕೆ ರೋಮ್-4 ಪ್ರಕಾರ ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದ್ರೂ ಹೊಟ್ಟೆನೋವು ಇರ್ಬೇಕು, ಆ ನೋವಿಗೂ ಮಲ ವಿಸರ್ಜನೆಗೂ, ಅದು ಎಷ್ಟು ಸಲ ಆಗತ್ತೆ ಅನ್ನೋದಕ್ಕೂ, ಗಟ್ಟಿನಾ ತೆಳುನಾ ಅನ್ನೋದಕ್ಕೂ ಈ ಮೂರರಲ್ಲಿ ಎರಡಕ್ಕಾದ್ರೂ ಸಂಬಂಧ ಇರ್ಬೇಕು, ಶುರುವಾಗಿ 6 ತಿಂಗಳಾದ್ರೂ ಆಗಿರ್ಬೇಕು. ಅಂದ್ರೆ ಡಾಕ್ಟ್ರು ಲಕ್ಷಣಗಳನ್ನ ನೋಡಿ ಇದು ಐಬಿಎಸ್ಸೇ ಅಂತ ಹೇಳಬಹುದು, "ಏನೂ ಸಿಗಲಿಲ್ಲ, ಅದಕ್ಕೆ ಐಬಿಎಸ್ ಅಂತ ಬರೆದ್ರು" ಅಂತ ಬೇಜಾರು ಮಾಡ್ಕೋಬೇಡಿ.

ಗಟ್ಟಿಯಾದ ಮೇಲೆ ನಿಲ್ಸಿ ಅಂದಿದ್ದು ಯಾಕೆ ಅಂದ್ರೆ, ಇನ್ನೊಂದು ಸ್ಕ್ಯಾನ್ ಮಾಡಿಸಿದ್ರೆ ಸಿಗೋ ನೆಮ್ಮದಿ ಕೆಲವು ದಿನಕ್ಕೆ ಕರಗಿ ಹೋಗತ್ತೆ, ಮತ್ತೆ ಡೌಟು, ಮತ್ತೆ ಟೆಸ್ಟು. ಹೊಸ ಲಕ್ಷಣ ಬಂದ್ರೆ ಮಾತ್ರ ಹೊಸ ಟೆಸ್ಟ್ ಅಂತ ಡಾಕ್ಟ್ರ ಜೊತೆ ಮೊದಲೇ ಮಾತಾಡ್ಕೊಂಡುಬಿಡಿ. ಯಾವ ಊಟ ನಿಮಗೆ ಆಗಲ್ಲ ಅಂತ ರಕ್ತದಲ್ಲಿ ಐಜಿಜಿ ಅನ್ನೋ ಪ್ರತಿಕಾಯ ನೋಡಿ ಉದ್ದ ಪಟ್ಟಿ ಕೊಡೋ ಟೆಸ್ಟ್ ಇದ್ಯಲ್ಲ, ಅದಕ್ಕೆ ದುಡ್ಡು ಹಾಕ್ಬೇಡಿ, ಅಲರ್ಜಿ ತಜ್ಞರ ಸಂಘಟನೆಗಳೇ ಅದನ್ನ ಮಾಡಿಸ್ಬೇಡಿ ಅಂತ ಹೇಳ್ತಾವೆ.

ಹೆಜ್ಜೆ 2: ಇದು ನಾಟಕ ಅಲ್ಲ ಅನ್ನೋದನ್ನ ನೀವೇ ಮೊದಲು ನಂಬಿ

"ಎಲ್ಲಾ ನಿನ್ನ ತಲೇಲಿರೋದು" ಅಂತ ಕೇಳಿ ಕೇಳಿ ಎಷ್ಟೋ ಜನ ಮನಸ್ಸು ಅನ್ನೋ ಪದ ಬಂದ ಕೂಡ್ಲೇ ಬಾಗಿಲು ಹಾಕ್ಕೊಂಡುಬಿಡ್ತಾರೆ. ಅವರದ್ದು ತಪ್ಪಿಲ್ಲ. ಆದ್ರೆ ನಡೀತಿರೋದು ಏನು ಅಂತ ಗೊತ್ತಾದ್ರೆ ಆ ಸಿಟ್ಟು ಕಮ್ಮಿ ಆಗತ್ತೆ.

ಕರುಳಿನ ಗೋಡೆಯಲ್ಲಿ ಹತ್ತಾರು ಕೋಟಿ ನರಕೋಶಗಳಿರೋ ಅದರದ್ದೇ ನರಮಂಡಲ ಇದೆ. ವೇಗಸ್ ಅನ್ನೋ ದೊಡ್ಡ ನರ ಮಿದುಳನ್ನ ಹೊಟ್ಟೆಗೆ ಜೋಡಿಸತ್ತೆ, ಅದರಲ್ಲಿರೋ ಎಳೆಗಳ ಪೈಕಿ ಸುಮಾರು 80% ಸುದ್ದಿ ಒಯ್ಯೋದು ಕೆಳಗಿಂದ ಮೇಲಕ್ಕೆ, ಅಂದ್ರೆ ಮಿದುಳು ಹೊಟ್ಟೆಗೆ ಹೇಳೋದಕ್ಕಿಂತ ಹೊಟ್ಟೆ ಮಿದುಳಿಗೆ ಹೇಳೋದೇ ಜಾಸ್ತಿ. ನರಗಳ ನಡುವೆ ಸುದ್ದಿ ಸಾಗಿಸೋ ರಾಸಾಯನಿಕ ಸೆರೊಟೋನಿನ್, ದೇಹದಲ್ಲಿರೋ ಆ ಸೆರೊಟೋನಿನ್‌ನಲ್ಲಿ 90% ಇರೋದೂ ಕರುಳಲ್ಲೇ. ಇದೇನೂ ಹೊಸ ವಿಷಯ ಅಲ್ಲ, 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋನಿಗೆ ಗುಂಡು ತಗುಲಿ ಹೊಟ್ಟೇಲಿ ಮುಚ್ಚದ ತೂತು ಉಳ್ಕೊಂಡಿತ್ತು, ಅವನಿಗೆ ಚಿಕಿತ್ಸೆ ಕೊಟ್ಟ ವಿಲಿಯಂ ಬೋಮಾಂಟ್ ಅನ್ನೋ ಡಾಕ್ಟ್ರು ಆ ತೂತಿಂದ ಒಳಗೆ ನೋಡ್ತಾ ನೋಡ್ತಾ, ಅವನಿಗೆ ಸಿಟ್ಟು ಬಂದಾಗ ಜೀರ್ಣದ ಕೆಲಸವೇ ಏರುಪೇರಾಗೋದನ್ನ ಬರೆದಿಟ್ರು. (ಆ ಮನುಷ್ಯನಿಗೆ ಸಿಟ್ಟು ಬರೋಕೆ ಕಾರಣ ಬೇಕಾದಷ್ಟಿತ್ತು ಅನ್ನೋದು ಬೇರೆ ಮಾತು.)

ಫಂಕ್ಷನಲ್ ತೊಂದರೆ ಇರೋರಲ್ಲಿ ಬಹಳಷ್ಟು ಜನಕ್ಕೆ ಕರುಳಿನ ನರಗಳು ಸಿಕ್ಕಾಪಟ್ಟೆ ಸೂಕ್ಷ್ಮ ಆಗಿರತ್ತೆ. ಕರುಳೊಳಗೆ ಸಣ್ಣ ಬಲೂನ್ ಇಟ್ಟು ಉಬ್ಬಿಸಿ ನೋಡೋ ಪ್ರಯೋಗ 1973ರಲ್ಲೇ ಆಗಿದೆ, ಬೇರೆಯವರಲ್ಲಿ ಹೆಚ್ಚಿನವರಿಗೆ ನೋವಾಗದಷ್ಟು ಉಬ್ಬಿದ್ರೂ ಐಬಿಎಸ್ ಇರೋರಲ್ಲಿ ಬಹಳ ಜನಕ್ಕೆ ನೋವು ಬರ್ತಿತ್ತು. ಮೈಕ್ ವಾಲ್ಯೂಮ್ ಪೂರ್ತಿ ಏರಿಸಿಟ್ರೆ ಉಸಿರಾಡೋದೂ ಗಾಳಿ ಬೀಸಿದ ಹಾಗೆ ಕೇಳತ್ತಲ್ಲ, ಹಾಗೆ. ಗ್ಯಾಸ್ ಎಲ್ಲರ ಹೊಟ್ಟೇಲೂ ಇದೆ, ನಿಮಗದು ಜೋರಾಗಿ ಕೇಳಿಸ್ತಿದೆ. ಆ ವಾಲ್ಯೂಮ್ ಏರಿಸೋದ್ರಲ್ಲಿ ಭಯ, ನಿದ್ದೆಗೇಡು, ಹೊಟ್ಟೆ ಕಡೆಗೇ ಸದಾ ಗಮನ ಇಟ್ಟಿರೋದು ಎಲ್ಲಾ ಸೇರ್ಕೊಳ್ಳತ್ತೆ, ಕೆಲವರಿಗೆ ಹಿಂದೆ ಆಗಿದ್ದ ಒಂದು ಸೋಂಕೂ ಇರತ್ತೆ. ಫುಡ್ ಪಾಯಿಸನಿಂಗ್ ತರದ ಸೋಂಕು ಆದವರಲ್ಲಿ ಹೆಚ್ಚುಕಮ್ಮಿ ಹತ್ತರಲ್ಲಿ ಒಬ್ಬರಿಗೆ ಆಮೇಲೆ ಐಬಿಎಸ್ ಉಳ್ಕೊಳ್ಳತ್ತೆ. ಕೆನಡಾದ ವಾಕರ್ಟನ್ ಅನ್ನೋ ಊರಲ್ಲಿ 2000ನೇ ಇಸವಿಲಿ ಕುಡಿಯೋ ನೀರು ಕೆಟ್ಟು ಸಾವಿರಾರು ಜನ ಹಾಸಿಗೆ ಹಿಡಿದ್ರು, ವರ್ಷಗಟ್ಟಲೆ ಅವರನ್ನ ನೋಡ್ತಾ ಬಂದಾಗ ಕಾಯಿಲೆ ಬಿದ್ದವರಲ್ಲಿ ಐಬಿಎಸ್ ಜಾಸ್ತಿ ಕಾಣಿಸ್ತು, ಅದರಲ್ಲೂ ಮೊದಲೇ ಆತಂಕ, ಖಿನ್ನತೆ ಇದ್ದವರಿಗೆ ಇನ್ನೂ ಜಾಸ್ತಿ.

ಹಾಗಾದ್ರೆ ಮೊದಲು ಬಂದಿದ್ದು ಟೆನ್ಷನ್ನಾ ಹೊಟ್ಟೆನಾ? ಆಸ್ಟ್ರೇಲಿಯಾದಲ್ಲಿ 12 ವರ್ಷ ಜನರನ್ನ ಗಮನಿಸಿದ ಅಧ್ಯಯನ 2012ರಲ್ಲಿ ಬಂತು. ಆತಂಕ ಜಾಸ್ತಿ ಇದ್ದವರಿಗೆ ಆಮೇಲೆ ಹೊಟ್ಟೆ ತೊಂದರೆ ಬಂದಿದ್ದೂ ಉಂಟು, ಮೊದಲು ಹೊಟ್ಟೆ ಕೆಟ್ಟವರಿಗೆ ಆಮೇಲೆ ಆತಂಕ, ಖಿನ್ನತೆ ಬಂದಿದ್ದೂ ಉಂಟು. ಎರಡೂ ದಾರಿ ನಿಜ. ನಿಮ್ಮದು ಯಾವ ದಾರಿ ಅಂತ ಸಾಬೀತು ಮಾಡೋಕೆ ಮನೆಯವರ ಜೊತೆ ಜಗಳ ಆಡೋದ್ರಲ್ಲಿ ಅರ್ಥ ಇಲ್ಲ, ಈಗ ಎರಡೂ ಒಂದನ್ನೊಂದು ತಳ್ತಾ ಇವೆ, ಎಲ್ಲಿಂದ ಹಿಡಿದ್ರೂ ವೇಗ ಕಮ್ಮಿ ಆಗತ್ತೆ.

ಹೆಜ್ಜೆ 3: ಹೊಟ್ಟೆ ನಿಮ್ಮಿಂದ ಏನೇನು ಕಿತ್ಕೊಂಡಿದೆ ಅಂತ ಬರೀರಿ

ಎಲ್ಲರೂ ಫುಡ್ ಡೈರಿ ಬರೀರಿ ಅಂತಾರೆ. ಬರೀರಿ, ಎರಡು ವಾರ ಸಾಕು. ತಿಂದಿದ್ದರ ಜೊತೆ ನಿದ್ದೆ ಎಷ್ಟಾಯ್ತು, ಆ ದಿನ ಏನು ನಡೀತು, ತೊಂದರೆ ಶುರುವಾಗೋ ಐದು ನಿಮಿಷ ಮುಂಚೆ ತಲೇಲಿ ಏನು ಓಡ್ತಿತ್ತು ಅಂತನೂ ಬರೀರಿ, ಆ ಕೊನೇ ಕಾಲಂ ಬಹಳ ಮುಖ್ಯ. ತಿಂಗಳುಗಟ್ಟಲೆ ಡೈರಿ ಇಟ್ರೆ ಅದೇ ಒಂದು ಗೀಳಾಗತ್ತೆ, ಪ್ರತಿ ಗುಡುಗುಡು ಸದ್ದಿಗೂ ಪೆನ್ ಹುಡುಕೋ ಪರಿಸ್ಥಿತಿ ಬರತ್ತೆ.

ಅದಕ್ಕಿಂತ ಮುಖ್ಯವಾಗಿ ಇನ್ನೊಂದು ಪಟ್ಟಿ ಮಾಡಿ. ಹೊಟ್ಟೆ ಕಾರಣಕ್ಕೆ ಬಿಟ್ಟಿರೋ ಕೆಲಸಗಳು, ಹೋಗದೇ ಇರೋ ಜಾಗಗಳು, ತಪ್ಪಿಸ್ಕೊಳ್ತಿರೋ ಜನ, ತಿನ್ನೋದು ಬಿಟ್ಟಿರೋ ಪದಾರ್ಥಗಳು, ಸಂಗಾತಿ ಜೊತೆಗಿನ ಹತ್ತಿರ. ಪ್ರತಿಯೊಂದರ ಮುಂದೆ, ಈಗಲೇ ಇದನ್ನ ಮಾಡು ಅಂದ್ರೆ ಎಷ್ಟು ಭಯ ಅಂತ 0ಯಿಂದ 100ರ ತನಕ ಒಂದು ನಂಬರ್ ಹಾಕಿ. ನೋವು ಕಮ್ಮಿ ಆಯ್ತಾ ಅನ್ನೋದಕ್ಕಿಂತ ಈ ಪಟ್ಟಿ ಚಿಕ್ಕದಾಗ್ತಿದ್ಯಾ ಅನ್ನೋದೇ ನಿಮ್ಮ ಅಳತೆಗೋಲು. ಜೊತೆಗೆ ಡಾಕ್ಟ್ರುಗಳು ಬಳಸೋ ಪಿಎಚ್‌ಕ್ಯೂ-9 ಅನ್ನೋ ಖಿನ್ನತೆ ಪ್ರಶ್ನಾವಳಿ, ಜಿಎಡಿ-7 ಅನ್ನೋ ಆತಂಕದ ಪ್ರಶ್ನಾವಳಿ ಎರಡೂ ಫ್ರೀಯಾಗಿ ಸಿಗತ್ತೆ, ತುಂಬಿ ನೋಡಿ. ಯಾವ್ದರಲ್ಲಾದ್ರೂ 10 ಅಥವಾ ಜಾಸ್ತಿ ಬಂದ್ರೆ ಒಬ್ರೇ ಗುದ್ದಾಡ್ಬೇಡಿ, ಹೆಜ್ಜೆ 7ಕ್ಕೆ ಈಗಲೇ ಹೋಗಿ.

ಹೆಜ್ಜೆ 4: ಹೊಟ್ಟೆಯಿಂದ ಉಸಿರಾಡೋದು

ಇದನ್ನ ಓದಿ "ಅಯ್ಯೋ ಇಷ್ಟೇನಾ" ಅನ್ಸತ್ತೆ, ಆದ್ರೂ ಮಾಡಿ. ಕೂತ್ಕೊಳ್ಳಿ ಇಲ್ಲಾ ಮಲಗಿ, ಒಂದು ಕೈ ಎದೆ ಮೇಲೆ ಇನ್ನೊಂದು ಹೊಟ್ಟೆ ಮೇಲೆ. ಮೂಗಿಂದ 4 ಎಣಿಸೋವರೆಗೆ ಉಸಿರು ಒಳಗೆ, ಹೊಟ್ಟೆ ಮೇಲಿನ ಕೈ ಮಾತ್ರ ಏಳ್ಬೇಕು, ಆಮೇಲೆ 6 ಎಣಿಸೋವರೆಗೆ ನಿಧಾನವಾಗಿ ಹೊರಗೆ. ನಿಮಿಷಕ್ಕೆ ಆರು ಉಸಿರು ಆಗತ್ತೆ. ಬೆಳಿಗ್ಗೆ ಸಂಜೆ ಐದೈದು ನಿಮಿಷ, ಊಟ ಆದ್ಮೇಲೆ ಉಬ್ಬರ ಬರೋರು ಊಟದ ನಂತರನೂ ಮಾಡ್ಬಹುದು. ಉಬ್ಬರ ಇರೋರು ಗೊತ್ತಿಲ್ಲದೇ ಹೊಟ್ಟೆ ಎಳ್ಕೊಂಡು ಎದೆಯಿಂದಲೇ ಉಸಿರಾಡ್ತಿರ್ತಾರೆ, ಮೊದಲ ಕೆಲವು ದಿನ ಹೊಟ್ಟೆ ಬಿಡೋದಕ್ಕೇ ಮುಜುಗರ ಆಗತ್ತೆ. ಪದೇ ಪದೇ ತೇಗು ಬರೋರಿಗೆ, ತಿಂದಿದ್ದು ಬಾಯಿಗೆ ವಾಪಸ್ ಬರೋರಿಗೆ ಇದೇ ಮುಖ್ಯ ಚಿಕಿತ್ಸೆ. ಚೆನ್ನಾಗಿರೋ ಹೊತ್ತಲ್ಲಿ ಅಭ್ಯಾಸ ಮಾಡಿ, ಗಾಬರಿ ಆದಾಗ ಮೊದಲ ಸಲ ಟ್ರೈ ಮಾಡಿ ವರ್ಕ್ ಆಗಲಿಲ್ಲ ಅಂದ್ರೆ ಅದು ಉಸಿರಾಟದ ತಪ್ಪಲ್ಲ.

ಹೆಜ್ಜೆ 5: ಬಿಟ್ಟ ಜಾಗಗಳಿಗೆ ವಾಪಸ್ ಹೋಗೋದು

ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೇ ಮುಖ್ಯ, ಕಷ್ಟವೂ ಇದೇ.

ಐಬಿಎಸ್ ಇರೋರು ಮನೆ ಬಿಡೋ ಮೊದಲು ಏನೇನು ಮಾಡ್ತಾರೆ ನೋಡಿ. ನಾಲ್ಕು ಸಲ ಬಾತ್‌ರೂಮು, ಬರಲಿ ಬರದೇ ಇರಲಿ. ದಾರಿಯಲ್ಲಿ ಟಾಯ್ಲೆಟ್ ಎಲ್ಲೆಲ್ಲಿದೆ ಅಂತ ಮ್ಯಾಪಲ್ಲಿ ನೋಡೋದು, ಬೇಕಾಗತ್ತೋ ಇಲ್ವೋ ಭೇದಿ ನಿಲ್ಲೋ ಮಾತ್ರೆ ಒಂದು ನುಂಗೋದು, ಸಂಜೆ ವಾಪಸ್ ಬರೋ ತನಕ ಏನೂ ತಿನ್ನದೇ ಇರೋದು, ಎಲ್ಲೇ ಹೋದ್ರೂ ಬಾಗಿಲ ಪಕ್ಕದ ಸೀಟು, ಸಡಿಲ ಬಟ್ಟೆ, ಕನ್ನಡಿ ಮುಂದೆ ನಿಂತು ಹೊಟ್ಟೆ ಎಷ್ಟು ಉಬ್ಬಿದೆ ಅಂತ ನೋಡೋದು. ಒಂದೊಂದೂ ನ್ಯಾಯವಾಗೇ ಕಾಣತ್ತೆ. ತೊಂದರೆ ಏನಂದ್ರೆ ಆ ದಿನ ಏನೂ ಆಗದೇ ಮನೆಗೆ ಬಂದ್ರೆ ಮಿದುಳು ಆ ಕ್ರೆಡಿಟ್ಟನ್ನ ಹೊಟ್ಟೆಗೆ ಕೊಡಲ್ಲ, ಮಾತ್ರೆಗೆ ಕೊಡತ್ತೆ, ಬಾಗಿಲ ಪಕ್ಕದ ಸೀಟಿಗೆ ಕೊಡತ್ತೆ, ಭಯ ಅಷ್ಟೇ ಉಳ್ಕೊಳ್ಳತ್ತೆ. ದಿನವಿಡೀ ಉಪವಾಸ ಇರೋದಂತೂ ತಿರುಗಿ ಹೊಡೆಯತ್ತೆ, ಖಾಲಿ ಕರುಳಲ್ಲಿ ಒಂದೂವರೆ ಎರಡು ಗಂಟೆಗೊಮ್ಮೆ ಗುಡಿಸೋ ಅಲೆ ಬರತ್ತೆ, ಆ ಗುಡುಗುಡು ಕೇಳಿಯೇ ಗಾಬರಿ, ರಾತ್ರಿ ಒಟ್ಟಿಗೆ ಜಾಸ್ತಿ ತಿಂದ ಕೂಡ್ಲೇ ದೊಡ್ಡಕರುಳು ಜೋರಾಗಿ ಕೆಲಸ ಶುರು ಮಾಡತ್ತೆ, ಅಲ್ಲಿಗೆ "ನೋಡಿ, ತಿಂದ್ರೆ ಹೀಗೇ ಆಗೋದು" ಅಂತ ಗಟ್ಟಿ ಆಗ್ಬಿಡತ್ತೆ.

ಈಗ ಹೆಜ್ಜೆ 3ರ ಪಟ್ಟಿ ತೆಗೀರಿ. 30ರ ಆಸುಪಾಸಿನ ನಂಬರ್ ಇರೋದೊಂದನ್ನ ಆರಿಸ್ಕೊಳ್ಳಿ, 90 ಇರೋದಕ್ಕೆ ಕೈ ಹಾಕ್ಬೇಡಿ. ಹೊರಡೋ ಮೊದಲು ಒಂದು ಚೀಟೀಲಿ ಏನಾಗತ್ತೆ ಅಂತ ಭಯ ಇದೆ, ಅದಾಗೋ ಚಾನ್ಸ್ ಎಷ್ಟು ಪರ್ಸೆಂಟ್ ಅಂತ ಬರೀರಿ. "ಕ್ಯೂನಲ್ಲಿ ನಿಂತಾಗ ತಡ್ಕೊಳ್ಳೋಕಾಗಲ್ಲ, 70%" ಈ ತರ. ಹೋಗಿ ಬಂದ್ಮೇಲೆ ಏನಾಯ್ತು ಅಂತ ಪಕ್ಕದಲ್ಲೇ ಬರೀರಿ. ಅಲ್ಲಿದ್ದಾಗ ಹೊಟ್ಟೆ ಹಿಂಡಿದ್ರೆ ತಕ್ಷಣ ಓಡ್ಬೇಡಿ, ಹಾಗೆ ಓಡಿ ಬಂದ್ರೆ ಮುಂದಿನ ಸಲ 30 ಇದ್ದಿದ್ದು 50 ಆಗತ್ತೆ, ಭಯ ಸ್ವಲ್ಪ ಇಳಿಯೋವರೆಗೆ ಅಲ್ಲೇ ಇರೋಕೆ ನೋಡಿ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಬೋರ್ ಆಗೋ ತನಕ. ಬೋರ್ ಆಯ್ತು ಅಂದ್ರೆ ಪಾಸ್. ಆಮೇಲೆ ಮೇಲಿನ ನಂಬರ್.

ಮಾತ್ರೆ, ಬಾಗಿಲ ಪಕ್ಕದ ಸೀಟು ತರದ ಈ ಊರುಗೋಲುಗಳನ್ನ ಒಟ್ಟಿಗೆ ಎಸೆಯೋಕೆ ಹೋಗ್ಬೇಡಿ. ಈ ವಾರ ನಾಲ್ಕು ಸಲದ ಬಾತ್‌ರೂಮು ಎರಡಕ್ಕೆ ಇಳೀಲಿ, ಮುಂದಿನ ವಾರ ಮಾತ್ರೆ ಬ್ಯಾಗಲ್ಲಿರಲಿ ಆದ್ರೆ ಮುಂಚಿತವಾಗಿ ನುಂಗೋದು ಬೇಡ, ಅದರ ಮುಂದಿನ ವಾರ ಹಾಲ್ ಮಧ್ಯದಲ್ಲಿ ಕೂರಿ. ಡಾಕ್ಟ್ರು ದಿನಾ ತಗೊಳ್ಳಿ ಅಂದಿರೋ ಮಾತ್ರೆ ಮಾತ್ರ ಅವರನ್ನ ಕೇಳದೆ ಬಿಡ್ಬೇಡಿ.

ಅರ್ಜೆಂಟ್ ಆಗೋರಿಗೆ ಇನ್ನೊಂದು ಅಭ್ಯಾಸ ಇದೆ. ಒತ್ತಡ ಅಲೆ ಅಲೆಯಾಗಿ ಬರೋದು, ಏರತ್ತೆ, ತುದಿ ಮುಟ್ಟತ್ತೆ, ಇಳಿಯತ್ತೆ. ಮನೇಲಿ, ಬಾತ್‌ರೂಮ್ ಹತ್ರ ಇರೋವಾಗ್ಲೇ, ಅರ್ಜೆಂಟ್ ಬಂದಾಗ ಒಂದು ನಿಮಿಷ ತಡೆದು ಆಮೇಲೆ ಹೋಗಿ. ಅದು ಸುಲಭ ಆದ್ಮೇಲೆ ಎರಡು, ಆಮೇಲೆ ಐದು ನಿಮಿಷ. ಒಂದ್ಸಲ ಆ ಅಲೆ ತಾನಾಗೇ ಇಳಿದಿದ್ದು ಅನುಭವಕ್ಕೆ ಬಂದ್ರೆ ನೂರು ಸಲ ಓದಿದ್ದಕ್ಕಿಂತ ಜಾಸ್ತಿ ಧೈರ್ಯ ಬರತ್ತೆ. ಇದು ಮಲಬದ್ಧತೆ ಇರೋರಿಗಲ್ಲ ಮತ್ತೆ! ಅವರು ಬಂದಾಗ ತಡೀಲೇಬಾರದು, ಹಾಗೇ ಮುಕ್ಕಾಲು ಗಂಟೆ ಕೂತು ತಿಣುಕೋದೂ ಬೇಡ, ಕಾಲ ಕೆಳಗೆ ಸಣ್ಣ ಸ್ಟೂಲ್ ಇಟ್ಟು ಐದರಿಂದ ಹತ್ತು ನಿಮಿಷ ಕೂತು ಎದ್ದುಬಿಡಿ. ಎಷ್ಟು ಮಾಡಿದ್ರೂ ಪೂರ್ತಿ ಆಗಲ್ಲ, ಏನೋ ಅಡ್ಡ ಸಿಕ್ಕಿದ ಹಾಗೆ ಅನ್ಸತ್ತೆ ಅನ್ನೋರು ಅದನ್ನ ನಾಚ್ಕೊಳ್ಳದೆ ಡಾಕ್ಟ್ರಿಗೆ ಹೇಳಿ, ಕೆಳಗಿನ ಸ್ನಾಯುಗಳು ಸಡಿಲ ಆಗೋ ಬದಲು ಬಿಗಿ ಆಗೋ ಸಮಸ್ಯೆ ಇರಬಹುದು, ಅದಕ್ಕೆ ಬಯೋಫೀಡ್‌ಬ್ಯಾಕ್ ಅನ್ನೋ ತರಬೇತಿ ಚೆನ್ನಾಗಿ ಕೆಲಸ ಮಾಡತ್ತೆ.

ಹೆಜ್ಜೆ 6: ಊಟ, ನಡಿಗೆ, ನಿದ್ದೆ

ಊಟದ ಬಗ್ಗೆ ಬರೆದ್ರೆ ಅದೇ ಇನ್ನೊಂದು ಲೇಖನ ಆಗತ್ತೆ, ಮನಸ್ಸಿಗೆ ಸಂಬಂಧಪಟ್ಟಷ್ಟು ಮಾತ್ರ ಹೇಳ್ತೀನಿ. ಮೆಲ್ಬರ್ನ್‌ನ ಮೊನಾಶ್ ಯೂನಿವರ್ಸಿಟಿಯವರು ತಂದ ಲೋ ಫಾಡ್‌ಮ್ಯಾಪ್ ಡಯಟ್‌ನಿಂದ (ಸರಿಯಾಗಿ ಹೀರ್ಕೊಳ್ಳದೆ ಕರುಳಲ್ಲಿ ಹುಳಿದು ಗ್ಯಾಸ್ ಮಾಡೋ ಸಕ್ಕರೆ ತರದ ಅಂಶಗಳನ್ನ ಕಮ್ಮಿ ಮಾಡೋ ಊಟ) ಸಾಕಷ್ಟು ಜನಕ್ಕೆ ಐಬಿಎಸ್ ಕಮ್ಮಿ ಆಗತ್ತೆ, ಅದು ಮೂರು ಹಂತದ್ದು. 2ರಿಂದ 6 ವಾರ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕೆಲವು ಕಾಳು ಮತ್ತೆ ಹಣ್ಣು ಇಂಥವನ್ನ ಬಿಡೋದು, ಆಮೇಲೆ ಒಂದೊಂದಾಗಿ ವಾಪಸ್ ತಂದು ನೋಡೋದು, ಕೊನೆಗೆ ನಿಮಗೆ ಆಗದ್ದನ್ನ ಮಾತ್ರ ಕಮ್ಮಿ ಮಾಡೋದು. ಬಹಳ ಜನ ಮೊದಲನೇ ಹಂತದಲ್ಲೇ ವರ್ಷಗಟ್ಟಲೆ ಉಳಿದುಬಿಡ್ತಾರೆ, ತಟ್ಟೇಲಿ ನಾಲ್ಕೇ ಪದಾರ್ಥ, ತೂಕ ಇಳಿದು, ಯಾರ ಮನೇಲೂ ಊಟ ಮಾಡದ ಸ್ಥಿತಿ. ಅಷ್ಟರ ಮಟ್ಟಿಗೆ ಊಟದ ಭಯ ಬಂದ್ರೆ ಅದೇ ಒಂದು ಕಾಯಿಲೆ, ಹೊಸ ಡಯಟ್ ಹುಡುಕೋದು ಬಿಟ್ಟು ಡಯಟೀಶಿಯನ್ ಮತ್ತೆ ಮನಸ್ಸಿನ ತಜ್ಞರನ್ನ ಇಬ್ಬರನ್ನೂ ನೋಡಿ. ಮೊದಲಿಂದಲೇ ಊಟದ ವಿಷಯದಲ್ಲಿ ಭಯ ಇರೋರು, ಹಿಂದೆ ಈಟಿಂಗ್ ಡಿಸಾರ್ಡರ್ ಇದ್ದವರು ಈ ಡಯಟ್‌ನ ಶುರುನೇ ಮಾಡಬಾರದು.

ವ್ಯಾಯಾಮಕ್ಕೆ ಪುರಾವೆ ಇದೆ. ಸ್ವೀಡನ್‌ನಲ್ಲಿ 2011ರಲ್ಲಿ ಬಂದ ಪ್ರಯೋಗದಲ್ಲಿ ವಾರಕ್ಕೆ 3ರಿಂದ 5 ದಿನ, 20ರಿಂದ 60 ನಿಮಿಷ ಮೈ ಬೆವರೋ ಹಾಗೆ ವ್ಯಾಯಾಮ ಮಾಡಿದವರ ಐಬಿಎಸ್ ಲಕ್ಷಣ ಸುಧಾರಿಸ್ತು, ಮಾಡಿದವರಿಗಿಂತ ಮಾಡದವರಲ್ಲೇ ಜಾಸ್ತಿ ಜನಕ್ಕೆ ಕೆಟ್ಟಿತು. ನಿದ್ದೆ ಕೆಟ್ಟ ಮಾರನೇ ದಿನ ಹೊಟ್ಟೆ ಕೆಡೋದು ನಿಮ್ಮ ಡೈರೀಲೇ ಕಾಣಬಹುದು, ದಿನಾ ಒಂದೇ ಹೊತ್ತಿಗೆ ಏಳೋದರಿಂದ ಶುರು ಮಾಡಿ.

ಹೆಜ್ಜೆ 7: ಥೆರಪಿ, ಮಾತ್ರೆ

ಇಲ್ಲಿ ಎರಡು ತಪ್ಪು ತಿಳುವಳಿಕೆ ಜಾಸ್ತಿ. ಒಂದು, ಥೆರಪಿ ಅಂದ್ರೆ ಬಾಲ್ಯದ ಕಥೆ ಹೇಳ್ಕೊಂಡು ಅಳೋದು ಅಂತ. ಐಬಿಎಸ್‌ಗೆ ಕೊಡೋ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಥೆರಪಿ) ಹಾಗಿರಲ್ಲ, ಮೇಲೆ ಹೆಜ್ಜೆ 5ರಲ್ಲಿ ಹೇಳಿದ್ದನ್ನೇ ತರಬೇತಿ ಇರೋರು ಪಕ್ಕದಲ್ಲಿ ಕೂತು ಮಾಡಿಸ್ತಾರೆ ಅಂದ್ಕೊಳ್ಳಿ. 2019ರಲ್ಲಿ ಇಂಗ್ಲೆಂಡಿನಿಂದ ಬಂದ ದೊಡ್ಡ ಪ್ರಯೋಗದಲ್ಲಿ ಫೋನ್ ಮೇಲೆ ಕೊಟ್ಟ ಸಿಬಿಟಿ, ವೆಬ್‌ಸೈಟ್ ಮೂಲಕ ಕೊಟ್ಟ ಸಿಬಿಟಿ ಎರಡೂ ಮಾಮೂಲಿ ಚಿಕಿತ್ಸೆಗಿಂತ ಚೆನ್ನಾಗಿ ಕೆಲಸ ಮಾಡಿದ್ವು, ಹಾಗಾಗಿ ಹತ್ತಿರದಲ್ಲಿ ತಜ್ಞರಿಲ್ಲ ಅಂತ ಕೈಚೆಲ್ಬೇಕಾಗಿಲ್ಲ. ಕರುಳಿಗಂತಲೇ ಮಾಡೋ ಹಿಪ್ನೊಥೆರಪಿನೂ ಇದೆ, ಮ್ಯಾಂಚೆಸ್ಟರ್‌ನ ಪೀಟರ್ ವೋರ್ವೆಲ್ ತಂಡ 1984ರಲ್ಲಿ, ಬೇರೆ ಯಾವ ಔಷಧಿಗೂ ಬಗ್ಗದ 30 ಜನರ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು, ಅಲ್ಲಿಂದ ಇದು ಗಂಭೀರ ಚಿಕಿತ್ಸೆಗಳ ಸಾಲಿಗೆ ಬಂತು. ಸ್ಟೇಜ್ ಮೇಲೆ ಜನರನ್ನ ಕುಣಿಸೋ ಹಿಪ್ನಾಟಿಸಂ ಅಲ್ಲ ಇದು, ನಿಮಗೆ ಪೂರ್ತಿ ಎಚ್ಚರ ಇರತ್ತೆ.

ಎರಡನೇದು, "ಹೊಟ್ಟೆಗೆ ಹೋದ್ರೆ ಡಿಪ್ರೆಶನ್ ಮಾತ್ರೆ ಬರೆದ್ರು, ನನ್ನನ್ನ ಹುಚ್ಚ ಅಂದ್ಕೊಂಡಿದ್ದಾರೆ" ಅಂತ ಮಾತ್ರೆನ ಕಸಕ್ಕೆ ಹಾಕೋದು. ಅಮಿಟ್ರಿಪ್ಟಿಲಿನ್ ಅನ್ನೋ ಹಳೇ ಔಷಧಿ ನೋವಿನ ಸಿಗ್ನಲ್ ಕಮ್ಮಿ ಮಾಡತ್ತೆ, ಖಿನ್ನತೆಗೆ ಕೊಡೋದಕ್ಕಿಂತ ತುಂಬಾ ಸಣ್ಣ ಡೋಸಲ್ಲಿ. 2023ರಲ್ಲಿ ಬಂದ ಅಟ್ಲಾಂಟಿಸ್ ಅನ್ನೋ ಪ್ರಯೋಗದಲ್ಲಿ 463 ಜನಕ್ಕೆ 10 ಮಿಲಿಗ್ರಾಂನಿಂದ ಶುರು ಮಾಡಿ 30ರ ತನಕ, 6 ತಿಂಗಳು ಇದನ್ನೋ ಅಥವಾ ಡಮ್ಮಿ ಮಾತ್ರೆಯನ್ನೋ ಕೊಟ್ಟು ನೋಡಿದ್ರು, ಔಷಧಿ ತಗೊಂಡವರೇ ಮೇಲು. ಬಾಯಿ ಒಣಗೋದು, ತೂಕಡಿಕೆ, ಮಲಬದ್ಧತೆ ಇದರ ಸೈಡ್ ಎಫೆಕ್ಟ್, ಅದಕ್ಕೇ ಭೇದಿ ಇರೋರಿಗೆ ಹೊಂದೋದು ಜಾಸ್ತಿ, ಮಲಬದ್ಧತೆ ಇರೋರಿಗೆ ಡಾಕ್ಟ್ರು ಬೇರೆ ಯೋಚಿಸ್ತಾರೆ. ಇಂಥ ಔಷಧಿಗಳ ಗುಣ ಕಾಣೋಕೆ 4ರಿಂದ 8 ವಾರ ಬೇಕು, ಸೈಡ್ ಎಫೆಕ್ಟ್ ಮೊದಲ ವಾರವೇ ಬರತ್ತೆ, ಬಹಳ ಜನ ಬಿಡೋದು ಆ ಗ್ಯಾಪಲ್ಲೇ. ನೀವಾಗೇ ತಗೊಳ್ಳೋ ಮಾತ್ರೆ ಇದಲ್ಲ, ನೀವಾಗೇ ನಿಲ್ಸೋದೂ ಬೇಡ.

ಒಳ್ಳೇ ಡಾಕ್ಟ್ರು ಸಿಕ್ಕಿದ್ರೆ ಅರ್ಧ ವಾಸಿ ಅಂತಾರಲ್ಲ, ಮಾತ್ರೆಯೊಳಗಿನ ಔಷಧಿ ಒಂದೇ ಅಲ್ಲ, ಅದನ್ನ ಏನು ಹೇಳಿ ಕೊಡ್ತಾರೆ ಅನ್ನೋದೂ ಕೆಲಸ ಮಾಡಬಹುದು ಅನ್ನೋದಕ್ಕೆ ಪುರಾವೆ ಇದೆ. 2010ರಲ್ಲಿ ಬಂದ ಅಮೆರಿಕದ ಒಂದು ಪ್ರಯೋಗದಲ್ಲಿ 80 ಜನ ಐಬಿಎಸ್ ರೋಗಿಗಳಲ್ಲಿ 37 ಜನಕ್ಕೆ "ಇದರಲ್ಲಿ ಔಷಧಿ ಇಲ್ಲ" ಅಂತ ನೇರವಾಗಿ ಹೇಳಿಯೇ ಡಮ್ಮಿ ಮಾತ್ರೆ ಕೊಟ್ರು, 3 ವಾರದಲ್ಲಿ ಅವರಲ್ಲಿ 59% ಜನಕ್ಕೆ ಸಮಾಧಾನ ಅನ್ನೋವಷ್ಟು ಕಮ್ಮಿ ಆಯ್ತು, ಮಾತ್ರೆ ಇಲ್ಲದ ಗುಂಪಲ್ಲಿ 35%. ಇದನ್ನ ಓದಿ "ಹಾಗಾದ್ರೆ ನೋವೇ ಸುಳ್ಳು" ಅನ್ನೋರೂ ಇದ್ದಾರೆ. ನನಗೆ ಕಾಣೋದು, ನಮ್ಮ ನರಗಳು ನೋವಿನ ವಾಲ್ಯೂಮ್ ತಾವೇ ಇಳಿಸ್ಕೊಳ್ಳೋ ದಾರಿ ಒಳಗೇ ಇಟ್ಕೊಂಡಿವೆ ಅಂತ. ಸಮಾಧಾನವಾಗಿ ಕೂತು ಕೇಳೋ ಡಾಕ್ಟ್ರು ಇದ್ರೆ ಅವರನ್ನ ಬಿಡ್ಬೇಡಿ, ಹತ್ತು ಕಡೆ ಅಲೀಬೇಡಿ.

ಹೆಜ್ಜೆ 8: ಮನೆಯವರಿಗೆ, ಆಫೀಸಲ್ಲಿ

ಎಲ್ಲರಿಗೂ ಎಲ್ಲಾ ಹೇಳ್ಬೇಕಾಗಿಲ್ಲ. "ನನಗೆ ಕರುಳಿನ ಒಂದು ತೊಂದರೆ ಇದೆ, ಜೀವಕ್ಕೆ ಅಪಾಯ ಇಲ್ಲ, ಮಧ್ಯದಲ್ಲಿ ಎದ್ದು ಹೋದ್ರೆ ತಪ್ಪು ತಿಳ್ಕೋಬೇಡಿ" ಅಷ್ಟು ಸಾಕು. ಗುಟ್ಟು ಕಾಯೋಕೆ ಖರ್ಚಾಗೋ ಟೆನ್ಷನ್ ಉಳಿಯತ್ತೆ. ಮನೆಯವರು ಇದನ್ನ ಓದ್ತಿದ್ರೆ ನಿಮಗೆರಡು ಮಾತು. ದಿನಾ "ಇವತ್ತು ಮೋಷನ್ ಹೇಗಾಯ್ತು" ಅಂತ ವಿಚಾರಿಸೋದು ಪ್ರೀತಿಯಿಂದಲೇ ಇರಬಹುದು, ಆದ್ರೆ ಅದು ಅವರ ಗಮನನ ಮತ್ತೆ ಹೊಟ್ಟೆಗೇ ಎಳೆಯತ್ತೆ, ಅದರ ಬದಲು ಪಟ್ಟೀಲಿರೋ ಜಾಗಕ್ಕೆ ಜೊತೇಲಿ ಹೋಗಿ. ತಟ್ಟೆಗೆ ಬಲವಂತವಾಗಿ ಬಡಿಸೋದು ಬಿಡಿ.

ಹುಷಾರಾಗ್ಬೇಕಾದ್ದು

ಯಾವ್ದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರಕ್ಕಿಂತ ಜಾಸ್ತಿ ಆಗಿದ್ರೆ, ಬದುಕಿ ಏನು ಪ್ರಯೋಜನ ಅನ್ನೋ ಯೋಚನೆ ಬರ್ತಿದ್ರೆ, ಅದನ್ನ "ಹೊಟ್ಟೆಯಿಂದಾಗಿ ಬಂದಿದ್ದು, ಹೊಟ್ಟೆ ಸರಿಹೋದ್ರೆ ಹೋಗತ್ತೆ" ಅಂತ ಪಕ್ಕಕ್ಕಿಡ್ಬೇಡಿ. ಕಾರಣ ಏನೇ ಇರಲಿ ಅದಕ್ಕೆ ಬೇರೆಯಾಗೇ ಚಿಕಿತ್ಸೆ ಬೇಕು. ಸಾಯೋ ಯೋಚನೆ ಇದ್ರೆ ಇವತ್ತೇ ಮನೇಲಿ ಒಬ್ಬರಿಗೆ ಹೇಳಿ, ನೀವಿರೋ ದೇಶದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, ಇಲ್ಲಾ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಚಿಕ್ಕ ವಯಸ್ಸಲ್ಲಿ ದೌರ್ಜನ್ಯ ಅನುಭವಿಸಿದವರಲ್ಲಿ ಈ ಹೊಟ್ಟೆ ತೊಂದರೆಗಳು ಜಾಸ್ತಿ ಕಾಣ್ತವೆ, ನಿಮ್ಮ ಕಥೆ ಅದಾಗಿದ್ರೆ ನಂಬಿಕೆ ಬಂದ ತಜ್ಞರಿಗೆ ನಿಮಗೆ ಆಗೋ ವೇಗದಲ್ಲಿ ಹೇಳಬಹುದು, ಅವರು ಕೇಳಿದ ಕೂಡ್ಲೇ ಎಲ್ಲಾ ಹೇಳಲೇಬೇಕು ಅಂತೇನಿಲ್ಲ.

ಕೆಟ್ಟ ದಿನಕ್ಕೆ ಒಂದು ಚೀಟಿ

ಎಷ್ಟು ಚೆನ್ನಾಗಿ ಮಾಡಿದ್ರೂ ಮಧ್ಯದಲ್ಲಿ ಒಂದು ವಾರ ಪೂರ್ತಿ ಕೈಕೊಡತ್ತೆ, ಆಗ ತಲೆ ಓಡಲ್ಲ, ಅದಕ್ಕೇ ಈಗಲೇ ಬರೆದು ಫೋನಲ್ಲಿಟ್ಕೊಳ್ಳಿ. ಹೆಜ್ಜೆ 1ರ ಅಪಾಯದ ಲಕ್ಷಣ ಏನಾದ್ರೂ ಹೊಸದಾಗಿ ಬಂದಿದ್ಯಾ, ಬಂದಿದ್ರೆ ಡಾಕ್ಟ್ರು. ಇಲ್ಲಾಂದ್ರೆ ಬಿಸಿನೀರಿನ ಚೀಲ, ಹತ್ತು ನಿಮಿಷ ಉಸಿರಾಟ, ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಊಟ, ಡಾಕ್ಟ್ರು ಬೇಕಾದಾಗ ತಗೊಳ್ಳಿ ಅಂದಿರೋ ಮಾತ್ರೆ. ರಾತ್ರಿ ಎರಡು ಗಂಟೇಲಿ ಗೂಗಲ್‌ನಲ್ಲಿ ಲಕ್ಷಣ ಹುಡುಕೋದು ಬೇಡ. ಆ ದಿನದ ಪ್ಲಾನ್ ಪೂರ್ತಿ ಕ್ಯಾನ್ಸಲ್ ಮಾಡೋ ಬದಲು ಅರ್ಧ ಮಾಡಿ, ಎರಡು ಗಂಟೆ ಕೂರ್ಬೇಕಾದ ಕಡೆ ಅರ್ಧ ಗಂಟೆ ಕೂತು ಬನ್ನಿ. ಹೊಸ ಡಯಟ್ ಶುರು ಮಾಡೋ ಆಸೆ ಬಂದ್ರೆ ವಾರ ಮುಗಿಯೋ ತನಕ ತಡೀರಿ, ಮುಗಿದ ಮೇಲೆ ಭಯದ ಪಟ್ಟೀಲಿ ಎಲ್ಲಿ ನಿಲ್ಸಿದ್ರೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿಂದ ಮತ್ತೆ ಶುರು ಮಾಡಿ. ಮೂರು ತಿಂಗಳಾದ್ರೂ ಒಂದೂ ನಂಬರ್ ಅಲ್ಲಾಡಿಲ್ಲ ಅಂದ್ರೆ ಆ ಪಟ್ಟಿನ ಹಾಗೇ ತಗೊಂಡು ಹೋಗಿ ಡಾಕ್ಟ್ರ ಟೇಬಲ್ ಮೇಲಿಡಿ, ಸಿಬಿಟಿಗೆ ಯಾರ ಹತ್ರ ಹೋಗ್ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ.